ಇಲಿ ಬಿತ್ತು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹಬ್ಬಿತು. ಅರಭಾವಿ, ಗೋಕಾಕಗಳ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಕಾಲದ ಹಳ್ಳಿಗರಿಗೆ ರೋಗದ ಮುನ್ಸೂಚನೆ ನೀಡುತ್ತಿದ್ದುದು ಇಲಿ. ‘ಇಲಿ ಬಿತ್ತು’ ಎಂಬ ಮಾತು ಕಿವಿಗೆ ಬಿದ್ದೊಡನೆ ಜನರು ಮನೆಗೆ ಬೀಗ ಹಾಕಿ, ಮಕ್ಕಳುಮರಿ, ದನಕರುಗಳೊಡನೆ ಹೊಲಗಳಿಗೆ ಹೋಗಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಇದು ಮೂಢನಂಬಿಕೆಯಲ್ಲ. ಪ್ಲೇಗಿನಿಂದ ಸತ್ತ ಇಲಿಯನ್ನು ತೊರೆದ ಚಿಗಟಗಳು ಮನುಷ್ಯರನ್ನು ಕಚ್ಚಿ ರೋಗ ಹರಡುತ್ತವೆ.

ಆದರೆ ಊರು ಬಿಟ್ಟ ಮೇಲೆ ಯಾರೂ ಸಾಯದಿದ್ದರೆ ಸೂಚನೆ ಸುಳ್ಳಾಯಿತೆನ್ನಬಹುದೇ? ಅದನ್ನು ನಂಬಿ ನಡೆದುದರಿಂದಲೇ ಸಾವು ತಪ್ಪಿರಬಹುದು. ಮಳೆಯ ಮುನ್ಸೂಚನೆಗೆ ಈ ತೊಡಕಿಲ್ಲ. ಜನರು ಕೊಡೆ ಹಿಡಿದರೆಂದು ಮಳೆ ನಿಲ್ಲುವುದಿಲ್ಲ! ಆದುದರಿಂದ ಇಂತಹ ಸೂಚನೆಯನ್ನು ಒರೆಗೆ ಹಚ್ಚುವವರು ಸೂಚನೆ ಫಲಿಸಿದ ಊರುಗಳನ್ನಷ್ಟೇ ಎಣಿಸಿದರೆ ಸಾಲದು. ಇಲಿ ಬಿದ್ದೂ ರೋಗ ಬಾರದ ಊರುಗಳೆಷ್ಟು, ಇಲಿ ಬೀಳದೆಯೇ ರೋಗ ಬಂದ ಊರುಗಳೆಷ್ಟು ಎಂಬುದನ್ನೂ ಲೆಕ್ಕಕ್ಕೆ ತರಬೇಕು. ಜನರು ತೊರೆದ ಊರನ್ನೂ ತೊರೆಯದ ಊರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಗಣಿತವೂ ಈ ಪರೀಕ್ಷೆಗೆ ಹೊರತಲ್ಲ. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ವಿಜ್ಞಾನಿಗಳು ಸಾಂಕ್ರಾಮಿಕದ ಏರಿಳಿತವನ್ನು ಸಮೀಕರಣಗಳಲ್ಲಿ ನಿರೂಪಿಸಿದರು. 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಮುಂಬಯಿಯಲ್ಲಿ ವಾರವಾರವೂ ಸಂಭವಿಸಿದ ಪ್ಲೇಗಿನ ಸಾವುಗಳಿಗೆ ಅವರ ವಕ್ರರೇಖೆ ಸೊಗಸಾಗಿ ಹೊಂದಿತು. ಆದರೆ ಆ ರೇಖೆ ಎಳೆದದ್ದು ಸಾವುಗಳು ಸಂಭವಿಸಿ ಇಪ್ಪತ್ತು ವರ್ಷಗಳಾದ ಮೇಲೆ. ಬೇಸಗೆಯ ಬಿಸಿಲಿಗೆ ಚಿಗಟಗಳು ಕಡಮೆಯಾಗುವುದೂ ರೋಗ ಇಳಿಯಲು ಕಾರಣವೆಂಬುದು ಆ ಸಮೀಕರಣಗಳಲ್ಲಿರಲಿಲ್ಲ. ನಡೆದುಹೋದುದಕ್ಕೆ ಹೊಂದುವ ಗೆರೆ ಎಳೆಯುವುದು ಬೇರೆ, ನಡೆಯಲಿರುವುದನ್ನು ಹೇಳುವುದು ಬೇರೆ.

ಮುಂದಾಗಿಯೇ ಹೇಳಿದ ನಿದರ್ಶನವೂ ಉಂಟು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನೇಮಿಸಿದ ತಜ್ಞರ ಸಮಿತಿಯೊಂದು, ಎಚ್ಚರಿಕೆಯ ಕ್ರಮಗಳು ಮುಂದುವರಿದರೆ 2021ರ ಫೆಬ್ರವರಿಯ ಕೊನೆಗೆ ಕೋವಿಡ್ ಬಹುಮಟ್ಟಿಗೆ ಅಡಗುವುದೆಂದು 2020ರ ಅಕ್ಟೋಬರಿನಲ್ಲಿ ತಿಳಿಸಿತು. ಫೆಬ್ರವರಿಯಲ್ಲಿ ದೇಶದ ದೈನಂದಿನ ಪ್ರಕರಣಗಳು ಹತ್ತು ಸಾವಿರದ ಆಸುಪಾಸಿಗೆ ಇಳಿದವು. ಆ ದಿನ ತೀರ್ಪು ಕೊಟ್ಟವನು ಸಮಿತಿಯನ್ನು ಮೆಚ್ಚುತ್ತಿದ್ದ. ಮೇ ತಿಂಗಳ ಆರಂಭದಲ್ಲಿ ಅದೇ ಸಂಖ್ಯೆ ನಾಲ್ಕು ಲಕ್ಷವನ್ನು ಮೀರಿತು. ಡೆಲ್ಟಾ ಎಂಬ ಹೊಸ ತಳಿ ಅಕ್ಟೋಬರಿನ ಲೆಕ್ಕದಲ್ಲಿರಲಿಲ್ಲ. ‘ಎಚ್ಚರಿಕೆ ಮುಂದುವರಿದರೆ’ ಎಂಬ ಷರತ್ತನ್ನು ಜನರು ಮರೆತಿದ್ದರು. ಆಸ್ಪತ್ರೆಗಳಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಬರ ಬಂದಿತ್ತು.