ಮನೆಮಂದಿ ಮಲಗಿದರೂ ಮಲಗದ ಮೀಟರ್

‘ನಿಮ್ಮ ಡೇಟಾ ಮಿತಿಯ ಶೇ 90ರಷ್ಟು ಬಳಕೆಯಾಗಿದೆ’ ಎಂಬ ಸಂದೇಶ ತಿಂಗಳ ನಡುವೆಯೇ ಬಂತೆಂದರೆ ಮೊದಲ ವಿಚಾರಣೆ ಮಕ್ಕಳದ್ದು. ಆಮೇಲೆ ಪಕ್ಕದ ಮನೆಯವರು ವೈ-ಫೈ ಕದಿಯುತ್ತಿರಬಹುದೇ ಎಂಬ ಗುಮಾನಿ. ಗೋಡೆಯ ಮೇಲೆ ಕೂತು ಹಗಲಿರುಳು ಕೆಂಪು ದೀಪ ಮಿನುಗಿಸುವ ಕ್ಯಾಮೆರಾದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ನಮ್ಮಲ್ಲಿ ಫೈಬರ್ ಸಂಪರ್ಕವನ್ನು ‘ಅನ್‌ಲಿಮಿಟೆಡ್’ ಎಂದೇ ಮಾರುತ್ತಾರೆ. ಷರತ್ತುಗಳ ಸಣ್ಣ ಅಕ್ಷರದಲ್ಲಿ ಎಫ್‌ಯುಪಿ ಎಂಬ ಮಿತಿ ಇರುತ್ತದೆ. ಹಲವು ಪ್ಲ್ಯಾನ್‌ಗಳಲ್ಲಿ ಅದು ತಿಂಗಳಿಗೆ 3300 ಜಿಬಿ. ಅದು ಮುಗಿದರೆ ಸಂಪರ್ಕ ಕಡಿತವಾಗುವುದಿಲ್ಲ, ವೇಗ ಮಾತ್ರ ನೆಲಕ್ಕಿಳಿಯುತ್ತದೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿಗದಿ ಮಾಡಿದೆ. ಆ ವೇಗದಲ್ಲಿ ಎಚ್‌ಡಿ ಸಿನಿಮಾ ಸರಾಗವಾಗಿ ಓಡದು.

3300 ಜಿಬಿ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಮಿತಿಯನ್ನು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಎಂಬಿ. ಆ ಪೂರ್ಣ ವೇಗದಲ್ಲಿ ಸತತವಾಗಿ ಎಳೆದರೆ ಇಡೀ ತಿಂಗಳ ಪಾಲು ಮೂರು ದಿನ ದಾಟುವಷ್ಟರಲ್ಲಿ ಖಾಲಿ! ಮೂವತ್ತು ದಿನಕ್ಕೂ ಸಾಕಾಗಬೇಕಾದರೆ ಸರಾಸರಿ 10 ಎಂಬಿಪಿಎಸ್ ಮೀರುವಂತಿಲ್ಲ.

ಈಗ ಆ ಕ್ಯಾಮೆರಾಕ್ಕೆ ಬರೋಣ. ಒಂದು ಸಾಧಾರಣ ಕ್ಯಾಮೆರಾ 2 ಎಂಬಿಪಿಎಸ್‌ನಂತೆ ದಿನವಿಡೀ ದೃಶ್ಯವನ್ನು ಕ್ಲೌಡ್‌ಗೆ ಕಳಿಸುತ್ತಿದೆ ಎನ್ನಿ. ದಿನಕ್ಕೆ 21.6 ಜಿಬಿ, ತಿಂಗಳಿಗೆ 648 ಜಿಬಿ. ಗೇಟು, ಅಂಗಳ, ಹಿತ್ತಿಲು, ಮಹಡಿ ಅಂತ ನಾಲ್ಕು ಕ್ಯಾಮೆರಾ ಹಾಕಿಸಿದವರಿಗೆ ಸುಮಾರು 2600 ಜಿಬಿ ಅಲ್ಲೇ ಹೋಯಿತು. ಡೇಟಾ ಎಂದರೆ ಡೌನ್‌ಲೋಡ್ ಎಂದಷ್ಟೇ ತಿಳಿದಿರುತ್ತೇವೆ. ಮೀಟರು ಸಾಮಾನ್ಯವಾಗಿ ಮನೆಯಿಂದ ಹೊರಗೆ ಹೋಗುವುದನ್ನೂ ಎಣಿಸುತ್ತದೆ. ಫೋನಿನ ಫೋಟೊ-ವಿಡಿಯೊ ಬ್ಯಾಕಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ. ವಿಂಡೋಸ್ ಕಂಪ್ಯೂಟರು ತಾನು ಇಳಿಸಿಕೊಂಡ ಅಪ್‌ಡೇಟನ್ನು ಇಂಟರ್ನೆಟ್ಟಿನ ಇತರ ಕಂಪ್ಯೂಟರುಗಳಿಗೆ ಹಂಚುವ ಸೌಲಭ್ಯವೂ ಇದೆ. ಅದು ಚಾಲೂ ಇದ್ದರೆ ದಾನದ ಖರ್ಚು ನಿಮ್ಮದೇ.

ಇನ್ನೊಂದು ಸೋರಿಕೆ ಟಿವಿಯದ್ದು. ಬೆಳಿಗ್ಗೆ ಯೂಟ್ಯೂಬ್‌ನಲ್ಲಿ ಸುಪ್ರಭಾತ ಹಚ್ಚಿ ಅಡುಗೆಮನೆಗೆ ಹೋಗುವವರು ಕೇಳುವುದು ಹಾಡನ್ನು, ತರಿಸಿಕೊಳ್ಳುವುದು ವಿಡಿಯೊವನ್ನು. ಬರೀ ಧ್ವನಿಗೆ ಗಂಟೆಗೆ 60 ಎಂಬಿ ಸಾಕು. ಎಚ್‌ಡಿ ಚಿತ್ರ ಸೇರಿದರೆ 2–3 ಜಿಬಿ, 4ಕೆ ಆದರೆ 7 ಜಿಬಿವರೆಗೂ ಏರಬಹುದು. ಟಿವಿ ಆರಿಸಿದರೂ ಅದಕ್ಕೆ ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್ ಕೆಲವೊಮ್ಮೆ ಓಡುತ್ತಲೇ ಇರುತ್ತದೆ.

ಕಂಪನಿಯ ಲೆಕ್ಕಕ್ಕೂ ನಮ್ಮ ಕಂಪ್ಯೂಟರಿನ ಲೆಕ್ಕಕ್ಕೂ ತಾಳೆಯಾಗದಿದ್ದರೆ ತಕ್ಷಣ ಮೋಸ ಎನ್ನಬೇಕಿಲ್ಲ. ಮಾಹಿತಿ ಸಾಮಾನ್ಯವಾಗಿ 1500 ಬೈಟ್‌ಗಳ ಪೊಟ್ಟಣಗಳಲ್ಲಿ ಸಾಗುತ್ತದೆ. ಅದರಲ್ಲಿ ಕನಿಷ್ಠ 40 ಬೈಟ್ ವಿಳಾಸ ಮತ್ತು ಕ್ರಮಸಂಖ್ಯೆಗೇ ಮೀಸಲು. ಜೊತೆಗೆ ವಿಂಡೋಸ್ ತೋರಿಸುವ ಒಂದು ಜಿಬಿ, ನೂರು ಕೋಟಿ ಬೈಟ್‌ಗಿಂತ ಸುಮಾರು ಶೇ 7ರಷ್ಟು ದೊಡ್ಡದು. ಎರಡೂ ಸೇರಿ ಶೇ 10ರ ಆಸುಪಾಸಿನ ವ್ಯತ್ಯಾಸ ಸಹಜ. ದುಪ್ಪಟ್ಟು ಬಂದರೆ ಮಾತ್ರ ಪತ್ತೇದಾರಿಕೆ ಶುರುವಾಗಬೇಕು.

ಅದಕ್ಕೆ ರಾತ್ರಿಯೇ ಒಳ್ಳೆಯ ಸಮಯ. ಮಲಗುವಾಗ ರೂಟರ್ ಒಂದನ್ನು ಬಿಟ್ಟು ಎಲ್ಲವನ್ನೂ ಆರಿಸಿ, ಕಂಪನಿಯ ಆ್ಯಪ್‌ನಲ್ಲಿರುವ ಅಂಕಿಯನ್ನು ಬರೆದಿಡಿ. ಬೆಳಿಗ್ಗೆ ಅದು ಬಹಳ ಏರಿದ್ದರೆ ನಿಮಗೆ ಗೊತ್ತಿಲ್ಲದ ಸಾಧನ ಜಾಲದಲ್ಲಿದೆ, ಇಲ್ಲವೇ ಮೀಟರಿನಲ್ಲೇ ದೋಷವಿದೆ. ಪಾಸ್‌ವರ್ಡ್ ಬದಲಿಸಿ ಮತ್ತೆ ಪರೀಕ್ಷಿಸಿ. ಆಗಲೂ ಏರಿದರೆ ಅಂಕಿಗಳ ಸಮೇತ ದೂರು ಕೊಡಿ. ಏರಿಲ್ಲವಾದರೆ ದಿನಕ್ಕೊಂದು ಸಾಧನ ಸೇರಿಸುತ್ತಾ ಹೋಗಿ, ಕಳ್ಳ ತಾನಾಗಿ ಸಿಕ್ಕುತ್ತಾನೆ. ಕ್ಯಾಮೆರಾ ಆದರೆ ಚಲನೆ ಕಂಡಾಗ ಮಾತ್ರ ಕಳಿಸುವಂತೆ ಹೊಂದಿಸಿ, ಉಳಿದದ್ದನ್ನು ಮೆಮೊರಿ ಕಾರ್ಡಿಗೆ ಬಿಡಿ.

ಅಷ್ಟಕ್ಕೂ ಮಿತಿ ಯಾಕೆ? ಡೇಟಾ ಕೆರೆಯ ನೀರಿನಂತೆ ಬಳಸಿದಷ್ಟೂ ಬರಿದಾಗುವುದಲ್ಲ. ಕೊರತೆ ಇರುವುದು ದಾರಿಯ ಅಗಲದಲ್ಲಿ. ವ್ಯಾಪಕವಾಗಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆಯ 2.5 ಜಿಬಿಪಿಎಸ್ ವೇಗವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. 64 ಮನೆಗಳಿಗೂ 100 ಎಂಬಿಪಿಎಸ್ ಮಾರಿದರೆ ಒಟ್ಟು 6.4 ಜಿಬಿಪಿಎಸ್. ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ಣ ವೇಗ ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ವ್ಯವಸ್ಥೆ ನಿಂತಿದೆ. ಇಕ್ಕಟ್ಟಾಗುವುದು ರಾತ್ರಿ ಎಂಟು-ಹತ್ತರ ನಡುವೆ. ಆದರೆ ತಿಂಗಳ ಮಿತಿ ನಸುಕಿನ ಮೂರು ಗಂಟೆಯ ಜಿಬಿಯನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತದೆ. ಅಮೆರಿಕದ ಕಾಮ್‌ಕಾಸ್ಟ್ 2008ರಲ್ಲಿ 250 ಜಿಬಿ ಮಿತಿ ಹಾಕಿ, 2016ರಲ್ಲಿ ಒಂದು ಟಿಬಿಗೆ ಏರಿಸಿತ್ತು. 2020ರ ಕೊರೊನಾ ಕಾಲದಲ್ಲಿ, ಜನ ಮನೆಯಲ್ಲೇ ಕೂತು ಬಳಕೆ ಏರಿದಾಗ, ಆ ಮಿತಿಯನ್ನು ಕೆಲ ತಿಂಗಳು ಕೈಬಿಟ್ಟಿತು, ಜಾಲ ಕುಸಿಯಲಿಲ್ಲ. ಮಿತಿಯಲ್ಲಿ ಎಂಜಿನಿಯರಿಂಗ್ ಎಷ್ಟು, ವ್ಯಾಪಾರ ಎಷ್ಟು ಎಂಬ ಪ್ರಶ್ನೆಗೆ ಬಲ ಬರುವುದು ಇಂಥಲ್ಲಿ.

ಹೊಸ ಸಂಪರ್ಕ ಪಡೆಯುವಾಗ ‘ಸ್ಪೀಡ್ ಎಷ್ಟು?’ ಎಂದಷ್ಟೇ ಕೇಳುತ್ತೇವೆ. ಎಫ್‌ಯುಪಿ ಎಷ್ಟು, ಅಪ್‌ಲೋಡೂ ಅದರಲ್ಲಿ ಸೇರುತ್ತದೆಯೇ, ಮುಗಿದ ಮೇಲೆ ವೇಗ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದೇ ದುಡ್ಡು ಕಟ್ಟಿ.