ತಾತನ ತೊಡೆ ಮತ್ತು ಟರ್ಬೊ ಕಾರು

ನಮ್ಮ ಕಡೆ ವೋಲ್ವೊ ಅಂದರೆ ಬಸ್ಸು. ‘ವೋಲ್ವೊದಲ್ಲಿ ಬಂದ್ವಿ’ ಅಂದರೆ ರಾತ್ರಿ ಬೆಂಗಳೂರಿನಲ್ಲಿ ಹತ್ತಿ, ನಿದ್ದೆ ಮಾಡಿ, ಬೆಳಿಗ್ಗೆ ಊರಲ್ಲಿ ಇಳಿದೆವು ಅಂತಲೇ ಅರ್ಥ. ಹಾಸನದ ಬಸ್ ಡಿಪೊದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದ ನನಗೂ ಹಾಗೇ. ಹಾಗಾಗಿ ಮೊದಲ ಸಲ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿರುವ ಮಗಳ ಮನೆಗೆ ಹೋದಾಗ, ವಿಮಾನ ನಿಲ್ದಾಣದ ಹೊರಗೆ ಅಳಿಯಂದಿರು ‘ಮಾವ, ನಮ್ಮ ವೋಲ್ವೊ ಅಲ್ಲಿದೆ’ ಎಂದರೆ ನನ್ನ ಕಣ್ಣು ಬಸ್ಸನ್ನೇ ಹುಡುಕಿತು!

ಅಲ್ಲಿದ್ದುದು ಕಡು ಹಸಿರು ಬಣ್ಣದ ಉದ್ದನೆಯ ಕಾರು. ಮುಂಭಾಗ ಸಾಮಾನ್ಯ ಕಾರಿನಂತೆಯೇ. ಹಿಂಭಾಗ ಮಾತ್ರ ಇಳಿಜಾರಾಗದೆ, ಚಾವಣಿ ನೇರವಾಗಿ ಕೊನೆಯವರೆಗೆ ಹೋಗಿ ಗೋಡೆಯಂತೆ ನಿಂತಿತ್ತು. ಹಿಂದಿನ ಕೆಂಪು ದೀಪಗಳು ಕಂಬದುದ್ದಕ್ಕೂ ಮೇಲಕ್ಕೆ ಏರಿದ್ದವು. 1995ನೇ ಮಾಡೆಲ್ಲಿನ ವೋಲ್ವೊ 850 ಟಿ-5 ಎಸ್ಟೇಟ್. ಅಳಿಯಂದಿರು ಹಳೆಯದನ್ನೇ ಕೊಂಡು, ಮಗುವಿನಂತೆ ನೋಡಿಕೊಂಡಿದ್ದರು.

ಇಂಥ ಕಾರಿಗೆ ಸ್ಟೇಷನ್ ವ್ಯಾಗನ್ ಎಂಬ ಹೆಸರು ಬಂದದ್ದು ಹಿಂದೆ ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಅವರ ಗಂಟುಮೂಟೆಯನ್ನೂ ಒಟ್ಟಿಗೆ ಸಾಗಿಸುತ್ತಿದ್ದ ಬಂಡಿಗಳಿಂದ. ನಮ್ಮಲ್ಲೂ 1992ರಲ್ಲಿ ಟಾಟಾ ಎಸ್ಟೇಟ್ ಎಂಬ ಇಂಥ ಕಾರು ಬಂದಿತ್ತು. ಅಂದು ನಮ್ಮ ಎರಡು ಸೂಟ್‌ಕೇಸು, ನಮ್ಮವಳ ಉಪ್ಪಿನಕಾಯಿ ಡಬ್ಬಗಳು, ಶ್ಯಾವಿಗೆ ಒತ್ತುವ ಒರಳು ಎಲ್ಲ ಹಿಂದೆ ಸೇರಿದ ಮೇಲೂ ಒಂದು ಕುರಿ ಕಟ್ಟುವಷ್ಟು ಜಾಗ ಉಳಿದಿತ್ತು.

ಮೊದಲ ದಿನವೇ ಮುನಿಸು

ಮೂರು ವರ್ಷದ ಮೊಮ್ಮಗಳು ಪುಟ್ಟಿ ನನ್ನನ್ನು ಬಿಡಲೊಲ್ಲಳು. ಮುಂದಿನ ಸೀಟಿನಲ್ಲಿ ಕೂತು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಮಗಳು ತಕ್ಷಣ, ‘ಅಪ್ಪ, ತೊಡೆ ಮೇಲೆ ಬೇಡ. ಅವಳ ಸೀಟಿಗೆ ಕೊಡಿ’ ಅಂದಳು.

ಹಿಂದಿನ ಸೀಟಿನಲ್ಲಿ ಬುಟ್ಟಿಯಂಥ ಒಂದು ಕುರ್ಚಿ. ಅದೂ ಕಾರಿನ ಹಿಂಭಾಗಕ್ಕೆ ಮುಖ ಮಾಡಿತ್ತು! ಮಗು ನಮ್ಮ ಮುಖ ನೋಡುವ ಹಾಗಿಲ್ಲ, ಮುಂದಿನ ರಸ್ತೆಯನ್ನೂ ನೋಡುವ ಹಾಗಿಲ್ಲ. ಪುಟ್ಟಿ ಅತ್ತಳು.

‘ನಿನ್ನನ್ನ ಲೂನಾ ಮುಂದೆ ನಿಲ್ಲಿಸ್ಕೊಂಡು ಸ್ಕೂಲಿಗೆ ಬಿಟ್ಟವನು ನಾನು. ಏನಾಯ್ತು ನಿಂಗೆ?’ ಎಂದೆ.

‘ಏನೂ ಆಗ್ಲಿಲ್ಲ ಅಪ್ಪ. ಅದು ನಮ್ಮ ಅದೃಷ್ಟ’ ಎಂದಳು ಮಗಳು.

ಆ ಮಾತು ನನಗೆ ಚುಚ್ಚಿತು. ಮಗಳನ್ನು ಜೋಪಾನವಾಗಿ ಬೆಳೆಸಿದೆ ಎಂದುಕೊಂಡಿದ್ದವನಿಗೆ ‘ಅದು ಅದೃಷ್ಟ’ ಅಂದರೆ ಹೇಗಾಗಬೇಡ? ಮನೆ ಸೇರುವವರೆಗೆ ನಾನು ಮಾತಾಡಲಿಲ್ಲ.

ಹೊಗೆಯಿಂದ ಶಕ್ತಿ

ಮರುದಿನ ಮುನಿಸು ಮರೆಸಿದ್ದು ಆ ಕಾರಿನ ಬಾನೆಟ್ಟು. ಮೆಕ್ಯಾನಿಕ್ಕಿನ ಕೈ ಸುಮ್ಮನಿರುತ್ತದೆಯೇ? ತೆಗೆದು ನೋಡಿದೆ. ಸಾಮಾನ್ಯ ಕಾರುಗಳಲ್ಲಿ ನಾಲ್ಕು ಸಿಲಿಂಡರ್ ಇದ್ದರೆ ಇದರಲ್ಲಿ ಐದು, ಅದೂ ಅಡ್ಡಲಾಗಿ. 1991ರಲ್ಲಿ 850 ಬಂದಾಗ ಐದು ಸಿಲಿಂಡರಿನ ಎಂಜಿನ್ನನ್ನು ಅಡ್ಡ ಕೂರಿಸಿ ಮುಂದಿನ ಚಕ್ರಗಳಿಗೆ ಶಕ್ತಿ ಕೊಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಆ ಅಗಲದಲ್ಲಿ ಎಂಜಿನ್ನೂ ಗೇರ್ ಬಾಕ್ಸೂ ಎರಡೂ ಹಿಡಿಯಬೇಕಲ್ಲ, ಅದಕ್ಕೆಂದೇ ಗೇರ್ ಬಾಕ್ಸನ್ನು ಗಿಡ್ಡವಾಗಿ ಮಾಡಿದರು. ಎಸ್ಟೇಟ್ ಮಾದರಿ ಬಂದದ್ದು 1993ರಲ್ಲಿ.

ಮಕ್ಕಳೇ, ಟರ್ಬೊ ಅಂದರೇನು ಗೊತ್ತೆ? ಸೌದೆ ಒಲೆ ಮಂಕಾದಾಗ ಅಜ್ಜಿ ಊದುಗೊಳವೆಯಲ್ಲಿ ಊದಿದರೆ ಬೆಂಕಿ ಭಗ್ಗನೆ ಏಳುತ್ತದಲ್ಲ? ಎಂಜಿನ್ನಿಗೂ ಅಷ್ಟೇ. ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಶಕ್ತಿ ಸಿಗುತ್ತದೆ. ಆದರೆ ಊದುವವರು ಯಾರು? ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆಯೇ! ಅದು ಸೈಲೆನ್ಸರಿಗೆ ಹೋಗುವ ಮುನ್ನ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಇದು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಒತ್ತಿದ ಗಾಳಿ ಬಿಸಿಯಾಗುವುದರಿಂದ ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ತಣಿಸಿ ಒಳಗೆ ಬಿಡುತ್ತಾರೆ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲೇ ಇದರ ಪೇಟೆಂಟ್ ಪಡೆದಿದ್ದರು.

ನಮ್ಮ ಡಿಪೊದ ಡೀಸೆಲ್ ಬಸ್ಸುಗಳಲ್ಲಿ ಟರ್ಬೊ ಇರುವುದು ಭಾರ ಎಳೆಯಲು, ಘಾಟಿ ಹತ್ತಲು. ಇಲ್ಲಿ ಅದು ಪೆಟ್ರೋಲ್ ಕಾರಿನ ವೇಗಕ್ಕೆ. ಬರೀ 2.3 ಲೀಟರಿನ ಈ ಎಂಜಿನ್ 225 ಅಶ್ವಶಕ್ತಿ ಕೊಡುತ್ತದೆ. 1995ರ ಟಿ-5ಆರ್ ಎಂಬ ವಿಶೇಷ ಮಾದರಿಯಲ್ಲಿ ಅದು 240. ಹೆದ್ದಾರಿಯಲ್ಲಿ ಅಳಿಯಂದಿರು ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಏನೂ ಆಗಲಿಲ್ಲ. ಹೊಗೆಯ ಚಕ್ರ ವೇಗ ಹಿಡಿಯಲು ಬೇಕಾದ ಸಮಯ ಅದು. ಆಮೇಲೆ ನೋಡಿ, ಯಾರೋ ಬೆನ್ನಿಗೆ ಕೈ ಇಟ್ಟು ನೂಕಿದ ಹಾಗೆ! ಐದು ಸಿಲಿಂಡರಿನ ಆ ಗುಟುರು ಈಗಲೂ ಕಿವಿಯಲ್ಲಿದೆ.

ಈ ಡಬ್ಬದಂಥ ಕಾರು ರೇಸಿಗೂ ಇಳಿದಿತ್ತು. 1994ರ ಬ್ರಿಟಿಷ್ ಟೂರಿಂಗ್ ಕಾರ್ ಪಂದ್ಯಾವಳಿಯಲ್ಲಿ 850 ಎಸ್ಟೇಟನ್ನು ಓಡಿಸಿದವರು ರಿಕಾರ್ಡ್ ರೈಡೆಲ್ ಮತ್ತು ಯಾನ್ ಲಾಮರ್ಸ್. ಅಲ್ಲಿನ ನಿಯಮದಂತೆ ಆ ಕಾರಿಗೆ ಟರ್ಬೊ ಇರಲಿಲ್ಲ. ‘ಸಾಮಾನು ಸಾಗಿಸೋ ಕಾರು ರೇಸಿಗೆ ಬಂತು’ ಎಂದು ನಕ್ಕವರಿಗೆ ಉತ್ತರವಾಗಿ, ಪಂದ್ಯಕ್ಕೆ ಮುಂಚಿನ ಮೆರವಣಿಗೆ ಸುತ್ತಿನಲ್ಲಿ ಹಿಂದೆ ಒಂದು ದೊಡ್ಡ ಬೊಂಬೆ ನಾಯಿಯನ್ನು ಕೂರಿಸಿಕೊಂಡು ಹೋದರಂತೆ! ಮರುವರ್ಷ ತಂಡ ಸೆಡಾನಿಗೆ ಬದಲಾಯಿತು.

ಕಾಡಿನ ದಾರಿಯಲ್ಲಿ

ಅಕ್ಟೋಬರಿನ ಒಂದು ಸಂಜೆ ಸರೋವರ ನೋಡಿ ಹಿಂತಿರುಗುತ್ತಿದ್ದೆವು. ಎರಡೂ ಕಡೆ ಪೈನ್ ಕಾಡು, ಮಬ್ಬುಗತ್ತಲು, ಒದ್ದೆ ರಸ್ತೆ. ವೇಗ 70 ಕಿಲೋಮೀಟರ್. ನಾನು ಮುಂದೆ. ನನ್ನ ತೊಡೆಯ ಮೇಲೆ ಕೋಡುಬಳೆ ತುಂಬಿದ ಸ್ಟೀಲ್ ಡಬ್ಬ. ದಾರಿಯಲ್ಲಿ ಪುಟ್ಟಿಗೆ ಕೊಡಲೆಂದು ಎರಡೂ ಕೈಯಲ್ಲಿ ಹಿಡಿದಿದ್ದೆ.

ಎಡಗಡೆಯಿಂದ ಒಂದು ಎಲ್ಕ್ ರಸ್ತೆಗೆ ಇಳಿಯಿತು. ಕುದುರೆಗಿಂತ ಎತ್ತರದ ಕಡವೆಯಂಥ ಪ್ರಾಣಿ ಅದು. ಕಾಲು ಉದ್ದವಾದ್ದರಿಂದ ಕಾರು ಗುದ್ದಿದರೆ ಇಡೀ ದೇಹ ನೇರ ಗಾಜಿನ ಮೇಲೆ ಬೀಳುತ್ತದೆ. ಅಳಿಯಂದಿರು ಬ್ರೇಕಿನ ಮೇಲೆ ನಿಂತರು. ಎಬಿಎಸ್ ಗಡಗಡ ಎಂದಿತು. ಬೆಲ್ಟು ನನ್ನೆದೆಯನ್ನು ಬಿಗಿದು ಹಿಡಿಯಿತು. ಎಲ್ಕ್‌ನಿಂದ ಎರಡು ಮಾರು ದೂರದಲ್ಲಿ ಕಾರು ನಿಂತಿತು. ಅದು ನಮ್ಮ ಕಡೆ ಒಮ್ಮೆ ನೋಡಿ ಕಾಡಿಗೆ ಹೋಯಿತು.

ಆಗಲೇ ನಾನು ಕೈ ನೋಡಿಕೊಂಡದ್ದು. ಡಬ್ಬ ಇರಲಿಲ್ಲ. ಎರಡು ಕೈಯಲ್ಲಿ ಹಿಡಿದಿದ್ದ ಡಬ್ಬ ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿದು, ಮುಚ್ಚಳ ಹಾರಿ, ಕೋಡುಬಳೆಯೆಲ್ಲ ಪುಡಿಯಾಗಿ ಕಾಲಡಿ ಬಿದ್ದಿತ್ತು. ಡಬ್ಬದ ಅಂಚು ನಗ್ಗಿತ್ತು.

ಹಿಂದಿನಿಂದ ಪುಟ್ಟಿಯ ದನಿ: ‘ತಾತ, ಏನಾಯ್ತು?’ ತಿರುಗಿ ನೋಡಿದರೆ ಆ ಬುಟ್ಟಿಯ ಬೆನ್ನಿಗೆ ಒರಗಿಕೊಂಡು ಆರಾಮಾಗಿ ಕೂತಿದ್ದಳು.

ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ. ಇದು ಬರೀ ಬ್ರೇಕು. 50 ಕಿಲೋಮೀಟರ್ ವೇಗದ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವ ಪ್ರತಿಯೊಂದರ ಮೇಲೂ ಅದರ ತೂಕದ ಸುಮಾರು ಇಪ್ಪತ್ತು ಪಟ್ಟು ಬಲ ಬೀಳುತ್ತದೆ. ಪುಟ್ಟಿಯ ತೂಕ 14 ಕಿಲೊ. ಇಪ್ಪತ್ತು ಪಟ್ಟು ಎಂದರೆ 280 ಕಿಲೊ. ಐದು ಅಕ್ಕಿ ಮೂಟೆಗಿಂತ ಹೆಚ್ಚು! ಯಾವ ತಾತನ ತೋಳು ತಡೆದೀತು?

ಗಗನಯಾತ್ರಿಗಳಿಂದ ಬಂದ ಕುರ್ಚಿ

ಹಿಮ್ಮುಖ ಕುರ್ಚಿಯ ಕಥೆಯನ್ನು ಮಗಳು ಹೇಳಿದಳು. ಗೋಥೆನ್‌ಬರ್ಗ್‌ನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್ ಅವರಿಗೆ ಈ ಯೋಚನೆ ಹೊಳೆದದ್ದು ಅಮೆರಿಕದ ಜೆಮಿನಿ ಗಗನಯಾತ್ರಿಗಳ ಆಸನದಿಂದ. ಅವರು ಬೆನ್ನು ಒರಗಿಸಿ ಕೂತು ಭಾರಿ ಒತ್ತಡವನ್ನು ಇಡೀ ಬೆನ್ನಿಗೆ ಹಂಚುತ್ತಿದ್ದರು. ಮಗುವಿನ ತಲೆ ದೊಡ್ಡದು, ಕತ್ತು ಎಳೆಯದು. ಮುಮ್ಮುಖವಾಗಿ ಕೂತರೆ ಗುದ್ದಿದಾಗ ತಲೆ ಮುಂದಕ್ಕೆ ಎಳೆದು ಕತ್ತಿಗೆ ಪೆಟ್ಟು. ಹಿಮ್ಮುಖವಾದರೆ ಬಲವೆಲ್ಲ ಕುರ್ಚಿಯ ಬೆನ್ನಿಗೆ. 1964ರಲ್ಲಿ ಇದರ ಮೊದಲ ಮಾದರಿಯನ್ನು ವೋಲ್ವೊ ಕಾರಿನಲ್ಲಿ ಪರೀಕ್ಷಿಸಿದರು. ಸ್ವೀಡನ್ನಿನಲ್ಲಿ ನಾಲ್ಕು ವರ್ಷವಾದರೂ ತುಂಬುವವರೆಗೆ ಮಕ್ಕಳು ಹೀಗೇ ಕೂರಬೇಕೆಂದು ಹೇಳುತ್ತಾರೆ.

ನಾವೆಲ್ಲ ಹಾಕುವ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ಕೊಟ್ಟವರೂ ಇದೇ ಕಂಪನಿಯ ನಿಲ್ಸ್ ಬೋಲಿನ್. ಅದಕ್ಕೂ ಮುಂಚೆ ಅವರು ವಿಮಾನದಿಂದ ಪೈಲಟ್ ಹೊರಚಿಮ್ಮುವ ಆಸನಗಳ ಕೆಲಸ ಮಾಡುತ್ತಿದ್ದರು. ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲು ಬಿಟ್ಟದ್ದರಿಂದ ಇಂದು ಅದು ನಮ್ಮೂರ ಟ್ಯಾಕ್ಸಿಯಲ್ಲೂ ಇದೆ. ಇನ್ನು 850ರ ಮೈಕಟ್ಟಿನಲ್ಲಿ, ಪಕ್ಕದಿಂದ ಬಿದ್ದ ಪೆಟ್ಟು ಕಂಬ, ನೆಲ, ಚಾವಣಿ, ಸೀಟುಗಳಿಗೆ ಹಂಚಿಹೋಗುವ ವ್ಯವಸ್ಥೆ ಇದೆ. ಪಕ್ಕದ ಏರ್‌ಬ್ಯಾಗ್ ಪ್ರಪಂಚದಲ್ಲೇ ಮೊದಲು ಬಂದದ್ದು ಈ ಕಾರಿನಲ್ಲಿ, 1994ರಲ್ಲಿ. ವೇಗ ಕೊಟ್ಟವರೇ ವೇಗ ತಪ್ಪಿದಾಗಿನ ಯೋಚನೆಯನ್ನೂ ಮಾಡಿದ್ದರು.

ಆ ರಾತ್ರಿ ಮಗಳಿಗೆ, ‘ನೀನು ಹೇಳಿದ್ದು ಸರಿ ಕಣಮ್ಮ. ಅದು ಅದೃಷ್ಟವೇ’ ಅಂದೆ. ಅವಳು ನಗ್ಗಿದ ಡಬ್ಬ ತೊಳೆಯುತ್ತಿದ್ದಳು. ‘ಹೊಸ ಕೋಡುಬಳೆ ನಾಳೆ ಮಾಡೋಣ ಬಿಡಿ ಅಪ್ಪ’ ಎಂದಳು.

ನಮ್ಮ ದೇಶದಲ್ಲೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಕೂರಿಸಿದರೆ 1000 ರೂಪಾಯಿ ದಂಡವಿದೆ. ದಂಡದ ಮಾತು ಬಿಡಿ, ನಗ್ಗಿದ ಡಬ್ಬವೇ ನನಗೆ ಸಾಕು.

ಬೆಂಗಳೂರಿಗೆ ಬಂದಿಳಿದು ಹಾಸನಕ್ಕೆ ಟ್ಯಾಕ್ಸಿ ಹಿಡಿದೆವು. ಹಿಂದಿನ ಸೀಟಿನಲ್ಲಿ ಬೆಲ್ಟು ಎಳೆದರೆ ಸಿಕ್ಕಿಸುವ ಕೊಂಡಿಯೇ ಕಾಣದು. ಸೀಟ್ ಕವರಿನ ಅಡಿ ಹೂತುಹೋಗಿತ್ತು. ಚಾಲಕ, ‘ಹಿಂದೆ ಯಾರೂ ಹಾಕಲ್ಲ ಸಾರ್’ ಎಂದ. ನಾನು ಬಗ್ಗಿ ಕವರಿನೊಳಗೆ ಕೈ ಹಾಕಿದೆ. ಎರಡು ಕೊಂಡಿಯನ್ನೂ ಹೊರಗೆಳೆದು, ಮೊದಲು ನಮ್ಮವಳ ಬೆಲ್ಟು, ಆಮೇಲೆ ನನ್ನದು ಸಿಕ್ಕಿಸಿ ಹೇಳಿದೆ:

‘ಈಗ ಹೊರಡಪ್ಪ.’