ಹಳೆಯ ಕಾರಿನ ಇಂಧನ ಕೊಳವೆ: ಸೋರುವುದು ಜೋಡಣೆಯಲ್ಲಿ

ಹಳೆಯ ಕಾರಿನಲ್ಲಿ ಪೆಟ್ರೋಲ್ ಸೋರುವುದು ಹೆಚ್ಚಾಗಿ ಕೊಳವೆಯ ನಡುಭಾಗದಲ್ಲಲ್ಲ, ಒಂದು ಕೊಳವೆ ಇನ್ನೊಂದನ್ನು ಕೂಡುವ ಕಡೆಯಲ್ಲಿ. ಟ್ಯಾಂಕಿನಿಂದ ಹೊರಟ ಇಂಧನವು ಗಾಡಿಯ ಅಡಿಯಲ್ಲಿ ಹಾದುಹೋಗುವ ಉಕ್ಕಿನ ಪೈಪಿನಲ್ಲಿ ಹರಿದು, ಅಲುಗಾಡುವ ಎಂಜಿನ್ನಿನ ಬಳಿ ರಬ್ಬರ್ ಪೈಪನ್ನು ಸೇರುತ್ತದೆ. ಈ ಸಂಧಿಸ್ಥಾನಗಳಲ್ಲಿರುವ ನಟ್ಟು, ಕ್ಲಿಪ್ಪು, ರಬ್ಬರ್ ಉಂಗುರಗಳಿಗೆ ಒಟ್ಟಾಗಿ ಫಿಟ್ಟಿಂಗ್ ಎನ್ನುತ್ತಾರೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹವೆ ಮತ್ತು ನೆಲ ಈ ಭಾಗಗಳಿಗೆ ಅನುಕೂಲಕರವಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಎಂಜಿನ್ನಿನ ಕಾವಿನೊಡನೆ ಸೇರಿ ರಬ್ಬರ್ ಗಡುಸಾಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಗಾಡಿಯ ಅಡಿಗೆ ಮೆತ್ತಿಕೊಂಡು, ಪೈಪನ್ನು ಹಿಡಿದಿರುವ ಕ್ಲಿಪ್ಪಿನ ಸಂದಿಯಲ್ಲಿ ತೇವವನ್ನು ಬಹುಕಾಲ ಉಳಿಸಿ, ಉಕ್ಕು ಕಣ್ಣಿಗೆ ಕಾಣದ ಬದಿಯಿಂದಲೇ ತುಕ್ಕು ಹಿಡಿಯುವಂತೆ ಮಾಡುತ್ತದೆ.

ಇದಕ್ಕೆ ಇತ್ತೀಚಿನ ವರ್ಷಗಳಲ್ಲಿ ಎಥೆನಾಲ್ ಸೇರಿಕೊಂಡಿದೆ. ಅಫಜಲಪುರ ತಾಲ್ಲೂಕಿನ ಹಾವಳಗಾ ಮತ್ತು ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿದ್ದು, ಕಬ್ಬು ಈ ಸೀಮೆಯ ಮುಖ್ಯ ಬೆಳೆಗಳಲ್ಲೊಂದಾಗಿದೆ. ಕಬ್ಬಿನ ರಸದಿಂದಲೂ ಕಾಕಂಬಿಯಿಂದಲೂ ತಯಾರಾಗುವ ಮದ್ಯಸಾರವೇ ಎಥೆನಾಲ್. ಅದನ್ನು ನೂರಕ್ಕೆ 20ರ ಪ್ರಮಾಣದಲ್ಲಿ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ರೈತರಿಗೆ ಇದರಿಂದ ಆಗುವ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದಾದುದರಿಂದ ಪೈಪಿನ ಒಳಮೈಗೂ ತುಕ್ಕು ತಗಲಬಲ್ಲದು. ಹಳೆಯ ಕಾರುಗಳ ರಬ್ಬರ್ ಅದಕ್ಕೆಂದು ತಯಾರಾದದ್ದಲ್ಲವಾದ್ದರಿಂದ ಮೊದಲು ಉಬ್ಬಿ, ಮೆತ್ತಗಾಗಿ, ಒಣಗಿದಾಗ ಕುಗ್ಗಿ ಕ್ಲಿಪ್ಪಿನ ಹಿಡಿತದಿಂದ ಸಡಿಲಗೊಳ್ಳುತ್ತದೆ.

ದುರಸ್ತಿಗೆ ಮೊದಲು ಗಾಡಿ ಯಾವ ಬಗೆಯದೆಂದು ತಿಳಿಯಬೇಕು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಆರಂಭದ ಮಾರುತಿ 800 ಇವುಗಳಲ್ಲಿ ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸುವ ಕಾರ್ಬೊರೇಟರ್ ಇದ್ದು, ಕೊಳವೆಯಲ್ಲಿನ ಒತ್ತಡ ಕಾರಿನ ಟೈರಿನ ಗಾಳಿಯ ಒತ್ತಡದ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ ಇರುತ್ತದೆ. ಆಮೇಲೆ ಬಂದ, ಪೆಟ್ರೋಲನ್ನು ಪಂಪಿನ ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಕಾರುಗಳಲ್ಲಿ ಅದು ಸುಮಾರು 3 ಬಾರ್‌ಗೆ ಏರುತ್ತದೆ. ಮೊದಲನೆಯದಕ್ಕೆ ಸಾಕಾಗುವ ರಬ್ಬರ್ ಪೈಪನ್ನು ಎರಡನೆಯದಕ್ಕೆ ಹಾಕಿದರೆ ಅದು ಒಡೆದು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮಬಹುದು.

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದರಿಂದ ಗ್ಯಾರೇಜಿನ ಕೆಳಗುಂಡಿಯಲ್ಲಿ ತುಂಬಿಕೊಂಡು ಕಿಡಿಗಾಗಿ ಕಾದಿರುತ್ತದೆ. ಆದ್ದರಿಂದ ಕೆಲಸವನ್ನು ಬಯಲಿನಲ್ಲಿ, ತಂಪಾದ ಎಂಜಿನ್ನಿನ ಮೇಲೆ, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಬೆಂಕಿ ಆರಿಸುವ ಪುಡಿಯ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕು. ಇಂಜೆಕ್ಷನ್ ಕಾರಾದರೆ ಬ್ಯಾಟರಿ ಬಿಚ್ಚುವ ಮೊದಲೇ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡವನ್ನು ಇಳಿಸಿಕೊಳ್ಳಬೇಕಾಗುತ್ತದೆ.

ತುಕ್ಕು ಹಿಡಿದ ನಟ್ಟನ್ನು ಒಂದೇ ಪಾನಾದಿಂದ ಎಳೆದರೆ ಪೈಪೇ ತಿರುಚಿ ಹರಿಯುವುದುಂಟು. ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕಾದು, ಒಂದು ಪಾನಾದಿಂದ ಎದುರು ಭಾಗವನ್ನು ಬಿಗಿಹಿಡಿದು ಇನ್ನೊಂದರಿಂದ ತಿರುಗಿಸುವುದು ಸರಿಯಾದ ಕ್ರಮ. ಹಾಳಾದ ತುದಿಯನ್ನು ಗರಗಸದ ಬದಲು ಪೈಪ್ ಕಟರಿನಿಂದ ಕತ್ತರಿಸಿ, ಅಂಚಿನ ಚೂರುಗಳನ್ನು ತೆಗೆದು, ಹೊಸ ನಟ್ಟನ್ನು ಮೊದಲೇ ಪೋಣಿಸಿ, ಅನಂತರ ಪೈಪಿನ ಬಾಯಿಯನ್ನು ಆಲಿಕೆಯಂತೆ ಅಗಲಿಸಬೇಕು. ಫ್ಲೇರ್ ಎನ್ನುವುದು ಈ ಅಗಲಿಸಿದ ಬಾಯಿಗೆ. ಲೋಹಕ್ಕೆ ಲೋಹ ಒತ್ತಿಕೊಳ್ಳುವ ಈ ಇಳಿಜಾರೇ ಸೋರಿಕೆಯನ್ನು ತಡೆಯುತ್ತದೆಯೇ ಹೊರತು ನಟ್ಟಿನ ಗೆರೆಗಳಲ್ಲ. ಆದುದರಿಂದ ಗೆರೆಗಳಿಗೆ ನಲ್ಲಿಯ ಟೇಪು ಸುತ್ತುವುದು ನಿಷ್ಪ್ರಯೋಜಕ, ಮೇಲಾಗಿ ಅದರ ಎಳೆ ಹರಿದು ಕಾರ್ಬೊರೇಟರಿನ ಸಣ್ಣ ರಂಧ್ರವನ್ನು ಮುಚ್ಚಬಲ್ಲದು.

ಸುಲಭವಾಗಿ ಬಾಗುತ್ತದೆಂದು ತಾಮ್ರದ ಪೈಪು ಹಾಕುವ ರೂಢಿಯನ್ನೂ ಒಪ್ಪಲಾಗದು. ಅಲುಗಾಟಕ್ಕೆ ತಾಮ್ರ ಕ್ರಮೇಣ ಪೆಡಸಾಗಿ ಬಿರುಕು ಬಿಡುತ್ತದೆ, ಪೆಟ್ರೋಲ್ ಅಂಟುಗಟ್ಟುವುದನ್ನೂ ತ್ವರೆಗೊಳಿಸುತ್ತದೆ. ಸೋರುವ ಟ್ಯಾಂಕಿಗೆ ಸಾಬೂನು ಒರೆಸುವ ಹಳೆಯ ಉಪಾಯ ಹತ್ತಿರದ ಗ್ಯಾರೇಜು ಮುಟ್ಟುವವರೆಗೆ ನಡೆದೀತು, ಆದರೆ ಒತ್ತಡವಿರುವ ಜೋಡಣೆಗೆ ಸಾಬೂನಾಗಲಿ ಅಂಟಾಗಲಿ ಪರಿಹಾರವಾಗದು. ಡೀಸೆಲ್ ಗಾಡಿಯಲ್ಲಿ ಟ್ಯಾಂಕ್ ಕಡೆಯ ಜೋಡಣೆ ಸಡಿಲಾದರೆ ಹನಿ ಬೀಳದೆಯೂ ಗಾಳಿ ಒಳಹೊಕ್ಕು ಎಂಜಿನ್ ಹತ್ತುವುದಿಲ್ಲ. ಇದನ್ನೇ ಏರ್ ಹಿಡಿಯುವುದೆಂದು ಕರೆಯುತ್ತಾರೆ.

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ, ನವೀಕರಣಕ್ಕೆ ಗಾಡಿಯನ್ನು ಹೇಗೂ ತಪಾಸಣೆಗೆ ಒಯ್ಯಬೇಕಾಗುತ್ತದೆ. ಅದಕ್ಕೂ ಮೊದಲು ಎಲ್ಲ ರಬ್ಬರ್ ಪೈಪು, ಕ್ಲಿಪ್ಪು, ಉಂಗುರಗಳನ್ನು ಒಮ್ಮೆಗೇ ಬದಲಿಸಿಕೊಳ್ಳಬೇಕು; ಕೊಳ್ಳುವಾಗ ಎಥೆನಾಲ್ ತಾಳುವ ಪೈಪನ್ನೇ, ಇಂಜೆಕ್ಷನ್ ಕಾರಿಗಾದರೆ ಅದಕ್ಕೆಂದೇ ಮಾಡಿದ ಪೈಪನ್ನೇ ಕೇಳಿ ಪಡೆಯಬೇಕು.